ಹದಿನೇಳು ಡಿಗ್ರಿ ಹೊರಕ್ಕೆ

ಆ ಇಮೇಲ್ ಬಂದ ಬೆಳಿಗ್ಗೆ ನಾನಿನ್ನೂ ಊಟದ ಡಬ್ಬಿಯ ಚೀಲವನ್ನು ಮೊಳೆಗೆ ತೂಗುಹಾಕಿರಲಿಲ್ಲ. ಡೊಂಬಿವಲಿಯಿಂದ ನಿಂತುಕೊಂಡೇ ಬಂದು, ಠಾಣೆಯಲ್ಲಿ ಗಾಡಿ ಬದಲಿಸಿ, ರಬಾಳೆಯಲ್ಲಿ ಇಳಿದು ವರ್ಕ್‌ಶಾಪಿನ ಒಳಗೆ ಕಾಲಿಡುವಷ್ಟರಲ್ಲಿ ಮಾಲೀಕರು ತಮ್ಮ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು. ಯುರೋಪಿನ ಒಂದು ಪ್ರದರ್ಶನ ಕಂಪನಿಯ ತಪಾಸಣೆಗಾರ ಮೂರೇ ಸಾಲು ಬರೆದಿದ್ದ. ದೋಣಿಯ ಎಡಬಲದ ಎರಡು ಚುಕ್ಕಾಣಿಗಳು ಒಂದಕ್ಕೊಂದು ನೇರವಾಗಿಲ್ಲ. ಇದು ಕೈಕೆಲಸದ ದೋಷ, ನೇರ ಮಾಡಿ ಮತ್ತೆ ಫೋಟೋ ಕಳಿಸಿ. ಈ ಭಾಗ ಮಾಡಿದವನನ್ನು ಇನ್ನು ನಮ್ಮ ಕೆಲಸಕ್ಕೆ ಹಚ್ಚಬೇಡಿ.

ಓದಿ ನನಗೆ ಸಿಟ್ಟು ಬಂತು. ಮೊದಲ ಎರಡು ಮಾತಿಗೆ ಅಷ್ಟಾಗಿ ಅಲ್ಲ, ಮೂರನೆಯದಕ್ಕೆ.

ನಮ್ಮದು ಮಾದರಿಗಳನ್ನು ಮಾಡುವ ವರ್ಕ್‌ಶಾಪ್. ಬಿಲ್ಡರುಗಳಿಗೆ ಕಟ್ಟಡದ ಮಾದರಿ, ಕಾಲೇಜುಗಳಿಗೆ ಯಂತ್ರದ ಮಾದರಿ, ಅಪರೂಪಕ್ಕೆ ಹೊರದೇಶದ ಮ್ಯೂಸಿಯಮ್ಮುಗಳಿಗೆ ಹಡಗು. ನಕ್ಷೆ ಬಿಡಿಸುವುದು, ಮುಗಿದ ಕೆಲಸವನ್ನು ಅಳೆದು ಸಹಿ ಹಾಕುವುದು ನನ್ನ ಪಾಲು. ಈ ಸಲ ಬಂದದ್ದು ಎರಡನೇ ಮಹಾಯುದ್ಧದಲ್ಲಿ ಜರ್ಮನರು ಓಡಿಸಿದ ಟಾರ್ಪೆಡೋ ದೋಣಿ. ಮೂವತ್ತೈದು ಮೀಟರ್ ಉದ್ದದ ಆ ದೋಣಿಯನ್ನು ಇಪ್ಪತ್ತನೇ ಒಂದು ಅಳತೆಯಲ್ಲಿ ಮಾಡಬೇಕಿತ್ತು, ಅಂದರೆ ನಮ್ಮ ಮೇಜಿನ ಮೇಲೆ ಒಂದೂಮುಕ್ಕಾಲು ಮೀಟರ್. ಪೂರ್ತಿ ವೇಗದಲ್ಲಿ ಓಡುತ್ತಿರುವ ಹಾಗೆ ಇರಬೇಕು, ಗಾಜಿನಂತಹ ರಾಳದ ಸಮುದ್ರದಲ್ಲಿ ಅಲ್ಲಿ ಅವರೇ ಕೂರಿಸುತ್ತಾರೆ, ನೋಡುವವರಿಗೆ ತಳವೂ ಕಾಣಬೇಕು ಎಂದು ಒಪ್ಪಂದ.

ಆ ತಳದಲ್ಲೇ ಇತ್ತು ಜಗಳ. ಮೂರು ಡೀಸೆಲ್ ಎಂಜಿನ್, ಮೂರು ಪ್ರೊಪೆಲ್ಲರ್, ಮೂರು ಚುಕ್ಕಾಣಿ. ನಡುವಿನದು ದೋಣಿ ತಿರುಗಿಸುವ ದೊಡ್ಡ ಚುಕ್ಕಾಣಿ. ಅದರ ಎರಡು ಬದಿಯ ಚಿಕ್ಕವುಗಳ ಕೆಲಸ ಬೇರೆ. ವೇಗ ಹೆಚ್ಚಿದಂತೆ ಇಂಥ ದೋಣಿಗಳ ಹಿಂಭಾಗ ನೀರಿನಲ್ಲಿ ಕುಸಿಯುತ್ತದೆ, ಹಿಂದೆ ಅಲೆ ಗುಡ್ಡೆ ಕಟ್ಟಿ ದೋಣಿಯನ್ನು ಜಗ್ಗುತ್ತದೆ. ಬದಿಯ ಚುಕ್ಕಾಣಿಗಳನ್ನು ಹೊರಕ್ಕೆ ತಿರುಗಿಸಿದರೆ, ಮೊದಲು ಮೂವತ್ತು ಡಿಗ್ರಿ, ವೇಗ ಹಿಡಿದ ಮೇಲೆ ಹದಿನೇಳು, ಹಿಂಭಾಗ ಮೇಲೇಳುತ್ತದೆ, ಅಲೆ ತಗ್ಗುತ್ತದೆ, ಅದೇ ಎಂಜಿನ್ನಿನಲ್ಲಿ ದೋಣಿ ಇನ್ನಷ್ಟು ಓಡುತ್ತದೆ. ಕಂಪನಿ ಕಳಿಸಿದ ಕಂಪ್ಯೂಟರ್ ನಕ್ಷೆಯಲ್ಲಿ ಮೂರೂ ಚುಕ್ಕಾಣಿ ನೇರ ಇದ್ದವು, ಬಂದರಿನಲ್ಲಿ ಕಟ್ಟಿಹಾಕಿದ ದೋಣಿಯ ಹಾಗೆ. ಓಡುವ ದೋಣಿ ಬೇಕು ಅನ್ನುತ್ತೀರಿ, ಚುಕ್ಕಾಣಿ ಮಾತ್ರ ನಿಂತ ದೋಣಿಯದು ಹಾಕುತ್ತೀರಲ್ಲ ಎಂದು ನಾನು ಮೊದಲೇ ಬರೆದಿದ್ದೆ. ಉತ್ತರ ಬಂದಿರಲಿಲ್ಲ. ಉತ್ತರ ಬಾರದ್ದನ್ನು ಒಪ್ಪಿಗೆ ಎಂದುಕೊಂಡು ಹದಿನೇಳು ಡಿಗ್ರಿ ಹೊರಕ್ಕೇ ಮಾಡಿಸಿದ್ದೆ.

ಮಾಡಿದವರು ನಮ್ಮ ಮಿಸ್ತ್ರಿ. ವಿಜಯಪುರದ ಕಡೆಯ ಬಡಗಿ. ಕಲ್ಯಾಣದಲ್ಲಿ ವರ್ಷಗಟ್ಟಲೆ ಬಾಗಿಲು, ದೇವರ ಮಂಟಪ ಮಾಡಿಕೊಂಡಿದ್ದವರು ನಮ್ಮಲ್ಲಿಗೆ ಬಂದು ಹತ್ತಿರ ಹತ್ತಿರ ಎಂಟು ವರ್ಷ. ಅವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷ್ ಬಾರದು. ಹಾಗಾಗಿ ನಕ್ಷೆಯ ಅಂಚಿನಲ್ಲಿ ನಾನು ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದುಕೊಡುತ್ತೇನೆ. ನನ್ನ ಊರು ಉಡುಪಿ, ಮನೆಮಾತು ತುಳು, ನನ್ನ ಕನ್ನಡ ಒಂದು ತರಹ, ಅವರದ್ದು ಇನ್ನೊಂದು ತರಹ. ಆದರೂ ಎಂಟು ವರ್ಷದಲ್ಲಿ ಒಂದು ಮಿಲಿಮೀಟರ್ ಆಚೀಚೆ ಆದದ್ದಿಲ್ಲ.

ಮಾಲೀಕರು ಕೆಟ್ಟವರಲ್ಲ, ಅವಸರದವರು. "ಸೀದಾ ಕರ್ ದೋ, ಖತಮ್ ಕರೋ," ಅಂದರು. ನೇರ ಮಾಡಿ ಕಳಿಸೋಣ, ಮಿಸ್ತ್ರಿಯನ್ನು ಪ್ಯಾಕಿಂಗಿಗೆ ಹಾಕೋಣ, ಇದೇ ಕಂಪನಿಯ ಇನ್ನೂ ಮೂರು ಹಡಗುಗಳ ಕೆಲಸ ಬರಲಿಕ್ಕಿದೆ. ಮಾಡಿಸಿದ್ದು ನಾನು, ಪ್ಯಾಕಿಂಗಿಗೆ ಹೋಗುವುದಾದರೆ ನಾನೇ ಹೋಗುತ್ತೇನೆ ಎಂದೆ. ಅವರು ಹಣೆ ಚಚ್ಚಿಕೊಂಡರು. ಕೊನೆಗೆ ಒಂದು ಮಾತಿಗೆ ಬಂದೆವು. ಸೋಮವಾರದವರೆಗೆ ನನಗೆ ಅವಕಾಶ. ಅಷ್ಟರಲ್ಲಿ ಹೊರಕ್ಕೆ ತಿರುಗಿದ ಚುಕ್ಕಾಣಿಯೇ ಸರಿ ಎಂದು ತೋರಿಸಿದರೆ ಅವರು ನನ್ನ ಪರ. ಇಲ್ಲವಾದರೆ ಚುಕ್ಕಾಣಿ ನೇರ, ಮಿಸ್ತ್ರಿ ಪ್ಯಾಕಿಂಗಿಗೆ.

ಪುಸ್ತಕದ ಪುಟ ತೋರಿಸಿದರೆ ಆ ತಪಾಸಣೆಗಾರ ಒಪ್ಪುವವನಲ್ಲ ಎಂದು ಗೊತ್ತಿತ್ತು. ಅವನ ಹತ್ತಿರ ಒಂದು ಪಟ್ಟಿ ಇದೆ, ಪಟ್ಟಿಯಲ್ಲಿ ಚುಕ್ಕಾಣಿಗಳೆಲ್ಲ ನೇರ ಎಂಬ ಸಾಲಿದೆ. ನೀರಿನಲ್ಲಿ ಓಡಿಸಿಯೇ ತೋರಿಸಬೇಕು ಅನ್ನಿಸಿತು. ಮಿಸ್ತ್ರಿ ಕೆತ್ತಿದ ಮರದ ಅಚ್ಚಿನಿಂದ ನಾವು ಮೊದಲು ತೆಗೆದ ಫೈಬರ್ ಒಡಲಿನಲ್ಲಿ ಗಾಳಿಗುಳ್ಳೆ ಬಿದ್ದಿದ್ದವು. ಅದನ್ನು ಅಟ್ಟಕ್ಕೆ ಎಸೆದಿದ್ದೆವು. ಅದನ್ನೇ ಇಳಿಸಿದೆವು.

ಆ ವಾರ ನಮ್ಮ ಮಾಮೂಲಿ ಕೆಲಸ ಐದೂವರೆಗೆ ಮುಗಿದ ಮೇಲೆ ಒಂದೊಂದು ಗಂಟೆ ಅದಕ್ಕೆ. ಹಳೆಯ ಕೆಲಸವೊಂದರಿಂದ ಉಳಿದ ಮೂರು ಚಿಕ್ಕ ಮೋಟರುಗಳನ್ನು ರಿಮೋಟಿನ ಸಮೇತ ಹಾಕಿದೆವು. ಅಸಲು ದೋಣಿಯ ತೂಕವನ್ನು ಇಪ್ಪತ್ತರ ಘನದಿಂದ ಭಾಗಿಸಿದರೆ ಹದಿಮೂರು ಕಿಲೋ ಬರುತ್ತದೆ. ಬ್ಯಾಟರಿಯ ಜೊತೆ ಕಬ್ಬಿಣದ ತುಂಡುಗಳನ್ನಿಟ್ಟು ಅಷ್ಟು ತೂಗಿಸಿದೆವು. ಹಿಂಭಾಗ ಎಷ್ಟು ಮುಳುಗುತ್ತದೆ ಎಂದು ವೀಡಿಯೋದಲ್ಲಿ ಕಾಣಲಿ ಎಂದು ಒಡಲಿನ ಮೇಲೆ ಸೆಂಟಿಮೀಟರಿಗೊಂದು ಕಪ್ಪು ಬಿಳಿ ಗೆರೆ ಎಳೆದೆ. ಚುಕ್ಕಾಣಿಗಳನ್ನು ಮಿಸ್ತ್ರಿ ಪ್ರದರ್ಶನದ ದೋಣಿಯಲ್ಲಿ ಇದ್ದಂತೆಯೇ ಕೂರಿಸಿದರು. ಒಂದು ಚಿಕ್ಕ ತಿರುಪು ಸಡಿಲಿಸಿದರೆ ನೇರ ಮಾಡಬಹುದು, ಬಿಗಿದರೆ ಮತ್ತೆ ಹದಿನೇಳು.

ಊಟಕ್ಕೆ ಕೂತಾಗ ಮಿಸ್ತ್ರಿ ಒಂದು ದಿನ ಕೇಳಿದರು, ಈ ದೋಣಿ ಏನು ಮಾಡುತ್ತಿತ್ತು ಎಂದು. ಗೊತ್ತಿದ್ದಷ್ಟು ಹೇಳಿದೆ. ಕತ್ತಲಾದ ಮೇಲೆ ಬಂದರಿನಿಂದ ಹೊರಟು, ಇಂಗ್ಲೆಂಡಿನ ಕರಾವಳಿಯಲ್ಲಿ ಸಾಲಾಗಿ ಹೋಗುವ ಸಾಮಾನಿನ ಹಡಗುಗಳಿಗೆ ಟಾರ್ಪೆಡೋ ಹೊಡೆದು, ಬೆಳಕು ಹರಿಯುವ ಮೊದಲು ವಾಪಸು. ಕೆಲವು ಸಲ ಹಡಗು ತಗುಲಿದರೆ ಸಿಡಿಯುವ ಮೈನುಗಳನ್ನು ನೀರಿನಲ್ಲಿ ಬಿತ್ತಿ ಬರುತ್ತಿದ್ದವು. ಜರ್ಮನರು ಇವನ್ನು ಬರೇ ವೇಗದ ದೋಣಿ ಎಂದರೆ, ಹೊಡೆತ ತಿಂದವರು ಶತ್ರುವಿನ ದೋಣಿ ಎಂದೇ ಹೆಸರಿಟ್ಟರು. ಒಮ್ಮೆ ದಡಕ್ಕಿಳಿಯುವ ತಾಲೀಮು ಮಾಡುತ್ತಿದ್ದ ಅಮೆರಿಕದ ಸೈನಿಕರ ಹಡಗುಗಳ ನಡುವೆ ನುಗ್ಗಿ ನೂರಾರು ಜನರನ್ನು ತಣ್ಣೀರಿಗೆ ಕೆಡವಿದವು. ಯುದ್ಧ ಮುಗಿದ ಮೇಲೆ ಗೆದ್ದವರೇ ಉಳಿದ ದೋಣಿಗಳನ್ನು ಹಂಚಿಕೊಂಡು ತಮ್ಮ ಕೆಲಸಕ್ಕೆ ಓಡಿಸಿದರು.

ಮಿಸ್ತ್ರಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. ಆಮೇಲೆ, "ಅಂಥಾದ್ದಕ್ಕ ಇಷ್ಟ ಯಾಕ ಬಡದಾಡ್ತೀರಿ ಅಕ್ಕಾರ?" ಅಂದರು.

ಅದೇ ಪ್ರಶ್ನೆ ನನ್ನಲ್ಲೂ ಇತ್ತು. ಆ ನೂರಾರು ಜನ ಹೇಗೆ ಸತ್ತರು ಎಂದು ಯಾರಾದರೂ ಗಾಜಿನ ಮುಂದೆ ನಿಂತು ಕೇಳಿದರೆ, ಉತ್ತರದ ಒಂದು ತುಣುಕು ಈ ಎರಡು ಚಿಕ್ಕ ಹಲಗೆಗಳಲ್ಲಿದೆ, ಅದನ್ನು ಅಂದಕ್ಕೋಸ್ಕರ ನೇರ ಮಾಡುವುದು ಸುಳ್ಳು ಹೇಳಿದಂತೆ ಎಂದೆ. ಮಿಸ್ತ್ರಿ ತಲೆಯಾಡಿಸಿ ರೊಟ್ಟಿಗೆ ಮರಳಿದರು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಘಣಸೋಲಿ ಗಾವ್‌ನ ಕೆರೆಗೆ ಹೋದೆವು, ದೋಣಿಯನ್ನು ರಿಕ್ಷಾದಲ್ಲಿ ಹಳೆ ಚಾದರ ಸುತ್ತಿ ಮಲಗಿಸಿಕೊಂಡು. ದಡದ ಉದ್ದಕ್ಕೆ ನಲವತ್ತು ಮೀಟರ್ ಅಳೆದು ಎರಡು ಗಳ ನೆಟ್ಟೆವು. ಮೊದಲ ಓಟದಲ್ಲೇ ಪ್ರೊಪೆಲ್ಲರ್ ದಂಡದ ಕೊಳವೆಯಿಂದ ಒಳಗೆ ನೀರು ನುಗ್ಗಿತು. ಎತ್ತಿ, ಒರೆಸಿ, ಗ್ರೀಸು ತುಂಬಿದೆವು. ಎರಡನೆಯದರಲ್ಲಿ ನಡುಕೆರೆಯಲ್ಲಿ ನಿಂತೇಬಿಟ್ಟಿತು. ಗಣಪತಿ ವಿಸರ್ಜನೆ ಮುಗಿದು ಎರಡು ವಾರವಾಗಿತ್ತು, ಹಾರದ ದಾರ ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಮಿಸ್ತ್ರಿ ಪ್ಯಾಂಟು ಮಡಚಿ ಎದೆಮಟ್ಟದ ನೀರಿಗೆ ಇಳಿದು ತಂದರು. ಮಡಚಿದ್ದು ಯಾಕೆ ಎಂದು ಕೇಳುವ ಮನಸ್ಸಾಯಿತು, ಕೇಳಲಿಲ್ಲ.

ಆಮೇಲೆ ಸರಿಯಾಗಿ ಓಡಿತು. ನೇರ ಚುಕ್ಕಾಣಿಯಲ್ಲಿ ಮೂರು ಓಟ, ಮೂರೂ ಒಂಬತ್ತೂವರೆ ಸೆಕೆಂಡಿನ ಆಚೀಚೆ. ತಿರುಪು ಸಡಿಲಿಸಿ ಹದಿನೇಳಕ್ಕೆ ಬಿಗಿದು ಮತ್ತೆ ಬಿಟ್ಟೆವು. ಹತ್ತು ಸೆಕೆಂಡು ದಾಟಿತು. ಇನ್ನೊಮ್ಮೆ ಬಿಟ್ಟೆವು. ಅದೂ ಹತ್ತು ದಾಟಿತು. ಹಿಂಭಾಗ ಎದ್ದೇಳುವುದಿರಲಿ, ಮೊದಲಿಗಿಂತ ಎರಡು ಗೆರೆ ಹೆಚ್ಚೇ ಮುಳುಗಿತು, ದೋಣಿ ಹಾವಿನಂತೆ ಅತ್ತಿತ್ತ ಹೊರಳಿತು. ನನ್ನ ಸೋಲನ್ನು ನಾನೇ ಫೋನಿನಲ್ಲಿ ಚೆನ್ನಾಗಿ ಚಿತ್ರೀಕರಿಸಿದ್ದೆ.

ಮನೆಗೆ ಬರುವಾಗ ಗಾಡಿಯಲ್ಲಿ ಸೀಟು ಸಿಕ್ಕಿತು, ಅದೂ ಸಂತೋಷ ಕೊಡಲಿಲ್ಲ. ಎರಡು ವಾಕ್ಯ ಓದಿಕೊಂಡು ಒಬ್ಬ ಬಡಗಿಯ ಅನ್ನದ ಮೇಲೆ ಪಂಥ ಕಟ್ಟಿದ್ದೆನಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ಮಾದರಿ ಚಿಕ್ಕದಾದ್ದರಿಂದ ಹಾಗಾಯಿತು, ನೀರು ಕೊಳಕಿತ್ತು ಎಂದು ನೆಪ ಹುಡುಕಿದೆ. ಯಾವುದೂ ನಿಲ್ಲಲಿಲ್ಲ.

ಸೋಮವಾರ ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಆಡಿಕೊಳ್ಳಲಿಲ್ಲ. ನೇರ ಮಾಡಿಸಿ, ಮಧ್ಯಾಹ್ನದೊಳಗೆ ಫೋಟೋ ಕಳಿಸಿ, ನಾಳೆಯಿಂದ ಮಿಸ್ತ್ರಿ ಪ್ಯಾಕಿಂಗಿಗೆ ಎಂದಷ್ಟೇ ಅಂದು ಒಳಗೆ ಹೋದರು. ಮಿಸ್ತ್ರಿ ಪ್ರದರ್ಶನದ ದೋಣಿಯನ್ನು ಮರದ ಸ್ಟ್ಯಾಂಡಿನ ಮೇಲೆ ಬೋರಲು ಹಾಕಿದರು, ಮೂತಿ ಗೋಡೆಯ ಕಡೆಗೆ, ಬಾಲ ತಮ್ಮ ಕಡೆಗೆ. ತಮ್ಮ ಕುಳ್ಳ ಸ್ಟೂಲನ್ನು ಎಳೆದು ಕೂತರು. ಅವರು ಯಾವಾಗಲೂ ಕೂರುವುದು ಹಾಗೆಯೇ. ನಾನು ಪಕ್ಕದಲ್ಲಿ ಬಗ್ಗಿ ನಿಂತಿದ್ದೆ.

"ಹಿಂದಿನ ಅಂಚನ್ನು ಒಳಗೆ ತಳ್ಳಿ," ಅಂದೆ.

ಅವರು ತಿರುಪು ಸಡಿಲಿಸಿದರು. ಅವರ ಹೆಬ್ಬೆರಳು ಹೋದದ್ದು ಮುಂದಿನ ಅಂಚಿಗೆ, ಗೋಡೆಯ ಕಡೆಗಿದ್ದ ಅಂಚಿಗೆ. ಅದನ್ನು ಒಳಕ್ಕೆ ತಳ್ಳಿದರು. ಚುಕ್ಕಾಣಿ ಸರಿಯಾಗಿ ನೇರವಾಯಿತು.

ನಾನು ಅಂದುಕೊಂಡಂತೆ ಹಿಂದಿನ ಅಂಚು ಹೊರಕ್ಕಿದ್ದಿದ್ದರೆ, ಮುಂದಿನದನ್ನು ಒಳಕ್ಕೆ ತಳ್ಳಿದಾಗ ಚುಕ್ಕಾಣಿ ಇನ್ನೂ ಓರೆಯಾಗಬೇಕಿತ್ತು. ನೇರವಾಯಿತೆಂದರೆ ಇಷ್ಟು ದಿನ ಹೊರಕ್ಕಿದ್ದದ್ದೇ ಮುಂದಿನ ಅಂಚು.

"ಮಿಸ್ತ್ರಿ, ಕೈ ತೆಗಿಬೇಡಿ. ಅದು ಎಂತ ಅಂಚು, ಹಿಂದಿನದ್ದಾ?"

"ಹೌದ್ರಿ. ಇದ ಹಿಂದಿಂದು." ಗೋಡೆಯ ಕಡೆಯ ಅಂಚನ್ನು ಬೆರಳಿನಿಂದ ತಟ್ಟಿ, ಆಮೇಲೆ ತಮ್ಮ ಕಡೆಯದನ್ನು ಮುಟ್ಟಿದರು. "ಇದು ನನ್ನ ಕಡೀಗ್ ಐತಲ್ರೀ, ಇದು ಮುಂದಿಂದು."

ಅಲ್ಲಿಗೆ ಎಲ್ಲ ಬಗೆಹರಿಯಿತು. ನಕ್ಷೆ ತೆಗೆದು ಅಂಚಿನಲ್ಲಿ ಬರೆದದ್ದನ್ನು ನೋಡಿದೆ. ನನ್ನದೇ ಪೆನ್ಸಿಲು, ನನ್ನದೇ ಅಕ್ಷರ: ಬದಿಯ ಚುಕ್ಕಾಣಿ, ಹಿಂದಿನ ಅಂಚು ಹೊರಕ್ಕೆ, ೧೭ ಡಿಗ್ರಿ. ನನಗೆ ಹಿಂದೆ ಅಂದರೆ ದೋಣಿಯ ಹಿಂದೆ. ಜೀವಮಾನವೆಲ್ಲ ಬಾಗಿಲು, ಮಂಟಪ ಮಾಡಿದ ಮನುಷ್ಯನಿಗೆ ಎದುರಿಗೆ ಕಾಣುವುದು ಮುಂದೆ, ಆಚೆಗಿರುವುದು ಹಿಂದೆ. ಬಾಲದ ಕಡೆ ಕೂತವರಿಗೆ ದೋಣಿಯ ಹಿಂದಿನದೆಲ್ಲ ಮುಂದೆ. ಅವರು ನಾನು ಬರೆದದ್ದನ್ನು ಅಕ್ಷರಶಃ ಮಾಡಿದ್ದರು. ನಾನು ಕೋನಮಾಪಕ ಹಿಡಿದು ಡಿಗ್ರಿ ಅಳೆದಿದ್ದೆ, ಹದಿನೇಳಕ್ಕೆ ಹದಿನೇಳು ಬಂದಿತ್ತು. ದಿಕ್ಕನ್ನು ನೋಡಿರಲಿಲ್ಲ. ಒಂದು ವಾರ ದೊಡ್ಡ ಗಂಟಲಿನಲ್ಲಿ ಸಮರ್ಥಿಸಿಕೊಂಡ ಚುಕ್ಕಾಣಿ ತಿರುಗುಮುರುಗಾಗಿತ್ತು. ಆ ತಪಾಸಣೆಗಾರ ತಪ್ಪು ಕಾರಣಕ್ಕಾದರೂ ನಿಜವಾದ ತಪ್ಪನ್ನೇ ಹಿಡಿದಿದ್ದ.

ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ನಗು ಬಂತು. ಮಿಸ್ತ್ರಿಗೆ ವಿವರಿಸಿದೆ. ಅವರ ಮುಖ ಕಪ್ಪಿಟ್ಟಿತು.

"ಹಂಗಾರ ತಪ್ಪು ನಂದ ಆತಲ್ರೀ."

"ನಿಮ್ಮದಲ್ಲ ಮಾರಾಯ್ರೆ. ಬರೆದವಳು ನಾನು, ಅಳೆದವಳೂ ನಾನು."

ನೇರ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಸುಲಭದ ದಾರಿ ಕಣ್ಣೆದುರೇ ಇತ್ತು. ಒಂದು ಚುಕ್ಕಾಣಿ ಆಗಲೇ ನೇರವಾಗಿತ್ತು, ಇನ್ನೊಂದನ್ನೂ ನೇರ ಮಾಡಿ ಫೋಟೋ ಹೊಡೆದು ಕಳಿಸಿದರೆ ಮುಗಿಯುತ್ತಿತ್ತು, ನನ್ನ ತಪ್ಪೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಮುಚ್ಚುಮರೆಗೆ ಮಿಸ್ತ್ರಿಯ ಜಾಗ ಹೋಗುತ್ತಿತ್ತು. ಮಾಲೀಕರ ಬಾಗಿಲು ತಟ್ಟಿ ಇನ್ನೊಂದು ದಿನ ಕೇಳಿದೆ. ಯಾಕೆಂದು ಕೇಳಿದಾಗ ನನ್ನ ತಪ್ಪು ಹೇಳಿದೆ. ಹಾಗಾದರೆ ಮಿಸ್ತ್ರಿಯದು ತಪ್ಪು ಎಂದು ಬರೆದರೆ ಇವತ್ತೇ ಮುಗಿಯುತ್ತದಲ್ಲ ಅಂದರು. ಹಾಗೆ ಬರೆಯುವುದಾದರೆ ನನ್ನ ಸಹಿ ಇಲ್ಲದೆ ಬರೆಯಿರಿ ಎಂದೆ. ನನ್ನ ಸಹಿ ಇಲ್ಲದೆ ಪೆಟ್ಟಿಗೆ ಕದಲುವುದಿಲ್ಲ, ಅದು ಅವರೇ ಮಾಡಿದ ನಿಯಮ. ಒಂದು ದಿನ ಕೊಟ್ಟರು. ಕೊಡುವಾಗ ಇನ್ನು ಮೇಲೆ ನಕ್ಷೆಯ ಮೇಲೆ ಕನ್ನಡ ಬೇಡ, ಅದರಿಂದಲೇ ಇಷ್ಟೆಲ್ಲ ಆದದ್ದು ಎಂದೂ ಸೇರಿಸಿದರು. ಬೆಂಚಿಗೆ ಮರಳಿ ಮಿಸ್ತ್ರಿಯ ಜೊತೆ ಕೂತು, ಇನ್ನು ನಮ್ಮಲ್ಲಿ ಹಿಂದೆ ಮುಂದೆ ಇಲ್ಲ, ಮೂತಿಯ ಕಡೆ, ಬಾಲದ ಕಡೆ ಎಂದು ಮಾತು ಗೊತ್ತು ಮಾಡಿಕೊಂಡೆ. ತಪ್ಪು ಕನ್ನಡದ್ದಲ್ಲ, ಕನ್ನಡದಲ್ಲಿ ಇನ್ನೊಂದು ಸಲ ಕೇಳದೇ ಇದ್ದದ್ದರದ್ದು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಕೆರೆ. ಈ ಸಲ ಬಾಲದ ಕಡೆಯ ಅಂಚು ಹೊರಕ್ಕೆ, ಹದಿನೇಳು. ಮೊದಲು ದಾರ, ಎಲೆ ಎಲ್ಲ ಗಳದಿಂದ ಎಳೆದು ದಾರಿ ಚೊಕ್ಕ ಮಾಡಿದೆವು. ದೋಣಿ ಹೊರಟಿತು. ಮೊದಲ ಹತ್ತು ಮೀಟರ್ ಏನೂ ವಿಶೇಷವಿಲ್ಲ. ಆಮೇಲೆ ಹಿಂಭಾಗ ಯಾರೋ ಕೆಳಗಿನಿಂದ ಅಂಗೈ ಕೊಟ್ಟು ಎತ್ತಿದ ಹಾಗೆ ಮೇಲೆ ಬಂತು. ಮುಳುಗಿದ್ದ ಕಪ್ಪು ಬಿಳಿ ಗೆರೆಗಳು ಒಂದೊಂದಾಗಿ ಕಂಡವು. ಹಿಂದಿನ ಅಲೆಯ ಗುಡ್ಡೆ ಚಪ್ಪಟೆಯಾಯಿತು. ಒಂಬತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ. ನಾಲ್ಕು ಸಲ ಓಡಿಸಿದೆ, ನಾಲ್ಕು ಸಲವೂ ಅಷ್ಟೇ. ನನಗೆ ಕೂಗಬೇಕೆನ್ನಿಸಿತು. ಮಿಸ್ತ್ರಿ ಮಾತ್ರ ದಡದಲ್ಲಿ ಕುಕ್ಕರಗಾಲಲ್ಲಿ ಕೂತು, ತಾವು ಮಾಡಿದ ಸಾಮಾನು ಕೆಲಸ ಮಾಡುವುದನ್ನು ನೋಡುತ್ತಿದ್ದರು. ಬಾಗಿಲು ಮಾಡಿದವರಿಗೆ ಬಾಗಿಲು ಮುಚ್ಚುವ ಸದ್ದು ಕೇಳಿಸಿಕೊಳ್ಳುವ ಅಭ್ಯಾಸ ಇರುತ್ತದೇನೋ.

ಪ್ರದರ್ಶನದ ದೋಣಿಯ ಚುಕ್ಕಾಣಿಗಳನ್ನೂ ಅದೇ ದಿನ ತಿರುಗಿಸಿ ಕೂರಿಸಿದೆವು. ವೀಡಿಯೋಗಳನ್ನೆಲ್ಲ ಕಳಿಸಿದೆ, ಸೋತ ಓಟಗಳನ್ನೂ ಸೇರಿಸಿ. ಮೊದಲು ಕಳಿಸಿದ ಫೋಟೋದಲ್ಲಿ ದಿಕ್ಕು ತಪ್ಪಿತ್ತು, ತಪ್ಪು ನನ್ನ ಸೂಚನೆಯದು, ಕೈಕೆಲಸದ್ದಲ್ಲ. ಈಗ ಸರಿಯಿದೆ, ನೇರ ಮಾಡುವುದಿಲ್ಲ ಎಂದು ಬರೆದೆ. ಎರಡು ದಿನದ ಮೇಲೆ ಉತ್ತರ ಬಂತು. ವೀಡಿಯೋ ನೋಡಿದ್ದೇವೆ, ಹೊರಕ್ಕೆ ತಿರುಗಿದ ಚುಕ್ಕಾಣಿ ಇರಲಿ, ಜೊತೆಗಿರುವ ಫಾರ್ಮಿಗೆ ಸಹಿ ಮಾಡಿ ಕಳಿಸಿ.

ಗೆದ್ದೆವು ಎಂದುಕೊಂಡು ಫಾರ್ಮು ತೆರೆದೆ. ಅದರಲ್ಲಿ ಎರಡೇ ಚೌಕಗಳು. ಒಂದರ ಮುಂದೆ, ದೋಷ ಸರಿಪಡಿಸಲಾಗಿದೆ. ಇನ್ನೊಂದರ ಮುಂದೆ, ದೋಷವನ್ನು ಹಾಗೆಯೇ ಒಪ್ಪಲಾಗಿದೆ. ಮೂರನೆಯದಿಲ್ಲ. ಮಾಲೀಕರು ಎರಡನೆಯದಕ್ಕೆ ಗುರುತು ಹಾಕಿ ಮುಗಿಸು, ದೋಣಿ ಹೇಗಿದೆಯೋ ಹಾಗೇ ಹೋಗುತ್ತಿದೆಯಲ್ಲ, ಚೌಕದಲ್ಲೇನಿದೆ ಅಂದರು. ಚೌಕದಲ್ಲೇ ಎಲ್ಲ ಇದೆ ಅನ್ನಿಸಿತು ನನಗೆ. ಅದಕ್ಕೆ ಗುರುತು ಹಾಕಿದರೆ ನಾಳೆ ಅವರ ಕಡತದಲ್ಲಿ ಇದು ಒಬ್ಬ ಬಡಗಿಯ ಸೊಟ್ಟ ಕೆಲಸ, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೇವೆ ಎಂದಾಗುತ್ತದೆ. ಮುಂದಿನ ಮೂರು ಹಡಗುಗಳಿಗೆ ಮಿಸ್ತ್ರಿಯ ಕೈ ಬೇಡ ಎನ್ನುವುದಕ್ಕೆ ಆ ಒಂದು ಗುರುತು ಸಾಕು. ಇದು ದೋಷವಲ್ಲ, ಬೇಕೆಂದೇ ಮಾಡಿದ್ದು, ಅದಕ್ಕೊಂದು ಚೌಕ ಮಾಡಿ ಎಂದು ವಾಪಸು ಬರೆದೆ.

ಶುಕ್ರವಾರ ಲಾರಿ ಬಂತು. ಪೆಟ್ಟಿಗೆ ಮೊಳೆ ಹೊಡೆದು ಸಿದ್ಧವಿತ್ತು. ಫಾರ್ಮು ಬಂದಿರಲಿಲ್ಲ. ಮಾಲೀಕರು ಮೊದಲು ಸಮಾಧಾನದಲ್ಲಿ, ಆಮೇಲೆ ಮರಾಠಿಯಲ್ಲಿ, ಕೊನೆಗೆ ಬಾಗಿಲು ಬಡಿದು ಮಾತಾಡಿದರು. ನಾನು ಪೆನ್ನನ್ನು ಡ್ರಾಯರಿಗೆ ಹಾಕಿ ಬೀಗ ಹಾಕಿದೆ. ಲಾರಿ ಖಾಲಿ ಹೋಯಿತು.

ಸೋಮವಾರ ಹೊಸ ಫಾರ್ಮು ಬಂತು. ಮೂರನೆಯ ಚೌಕ ಇತ್ತು: ಓಡುವ ದೋಣಿಗೆ ತಕ್ಕಂತೆ ಬೇಕೆಂದೇ ಹೊರಕ್ಕೆ ತಿರುಗಿಸಲಾಗಿದೆ. ಅದರ ಕೆಳಗೆ ಇನ್ನೊಂದು ಖಾಲಿ ಗೆರೆ, ಈ ಭಾಗಕ್ಕೆ ಹೊಣೆಯಾದ ವ್ಯಕ್ತಿಯ ಹೆಸರು. ಪ್ರಿಂಟು ತೆಗೆದು ಬೆಂಚಿಗೆ ಒಯ್ದೆ. ಮೂರನೆಯ ಚೌಕಕ್ಕೆ ಗುರುತು ಹಾಕಿ, ಸಹಿ ಮಾಡಿ, ಆ ಗೆರೆಯನ್ನು ಮಿಸ್ತ್ರಿಗೆ ಓದಿ ಹೇಳಿದೆ. ಬೇಕಾದರೆ ನನ್ನ ಹೆಸರನ್ನೇ ಬರೆಯುತ್ತೇನೆ, ಸೂಚನೆ ನನ್ನದಲ್ಲವಾ, ಮುಂದೆ ಏನಾದರೂ ತಕರಾರು ಬಂದರೆ ನನ್ನ ಮೇಲೇ ಬರಲಿ ಎಂದೆ.

ಅವರು ಕೈಯ ಮರದ ಹುಡಿಯನ್ನು ಎರಡೂ ಅಂಗೈಗಳಿಂದ ಉಜ್ಜಿ ತೆಗೆದರು.

"ಸೊಟ್ಟ ಐತಿ ಅಂದಾಗ ನನ್ನ ಕಡೀಗೇ ಬಟ್ಟ ಮಾಡಿದ್ರಲ್ರೀ ಅಕ್ಕಾರ. ಈಗೂ ನನ್ನ ಹೆಸರ ಬರೀರಿ."

ಬರೆದೆ. ಮಾಲೀಕರು ಹಿಂದೆ ಬಂದು ನಿಂತದ್ದು ಗೊತ್ತಾಯಿತು. ಕನ್ನಡ ಬೇಡ ಎಂಬ ಅವರ ಅಪ್ಪಣೆಯೂ ನೆನಪಿತ್ತು. ಹೆಸರನ್ನು ಪೂರ್ತಿಯಾಗಿ, ಕನ್ನಡದಲ್ಲೇ ಬರೆದೆ.